ಬೇಸಿಗೆಯ ರಂಗನತಿಟ್ಟು

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಬೇಸಿಗೆಯೆಂದರೆ ಬಂಡೆಗಳ ಕಾಲ. ಕಾವೇರಿ ಇಳಿದಂತೆಲ್ಲ ಮುಳುಗಿದ್ದ ಕಲ್ಲುಗಳು ಮೇಲೇಳುತ್ತವೆ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಇಲ್ಲಿನ ನಡುಗಡ್ಡೆಗಳಿಗೆ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್‌ಸರ್ ಮಾನ್ಯತೆಯೂ ದೊರೆಯಿತು.

ಬರಿಗಲ್ಲನ್ನೇ ನೆಚ್ಚಿಕೊಂಡ ಹಕ್ಕಿ ನದಿ ರೀವ. ಕರಿಟೋಪಿ, ಹಳದಿ ಕೊಕ್ಕು, ಕವಲು ಬಾಲ. ಗೂಡು ಎನ್ನುವಂಥದ್ದೇನೂ ಇಲ್ಲ. ಬಂಡೆಯ ತಗ್ಗಿನಲ್ಲೋ ಮರಳಿನಲ್ಲೋ ಎರಡು ಮೂರು ಚುಕ್ಕೆಮೊಟ್ಟೆ. ಇಲ್ಲಿ ಕಾವು ಕೊಡುವುದಕ್ಕಿಂತ ಕಾವು ತಗ್ಗಿಸುವುದೇ ದೊಡ್ಡ ಕೆಲಸ. ನಡುಮಧ್ಯಾಹ್ನ ತಾಯಿಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ನದಿಯ ಮೇಲ್ಭಾಗದ ಅಣೆಕಟ್ಟೆಯಿಂದ ಹಠಾತ್ತನೆ ನೀರು ಬಿಟ್ಟರೆ ಅಷ್ಟೂ ಶ್ರಮ ಹೊಳೆಪಾಲು.

ಪಕ್ಕದ ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ನೋಡುವವರಿಗೆ ಅದು ಬೆದರಿಕೆಯಂತೆ ಕಂಡರೂ, ಬಹುಮಟ್ಟಿಗೆ ಮೈಬಿಸಿ ಹೊರಹಾಕುವ ಉಪಾಯವಷ್ಟೇ. ದಡದ ಮಣ್ಣಿನಲ್ಲಿ ಹೂತ ಅದರ ಮೊಟ್ಟೆಗಳೂ ಈ ಬಿಸಿಲನ್ನೇ ನಂಬಿವೆ. ಮರಿ ಹೆಣ್ಣೋ ಗಂಡೋ ಎಂಬುದನ್ನು ಗೂಡಿನ ಉಷ್ಣತೆಯೇ ತೀರ್ಮಾನಿಸುತ್ತದೆ.

ಮರದ ತುದಿಯಲ್ಲಿ ಬಣ್ಣದ ಕೊಕ್ಕರೆಗಳು ಅರೆಬಿಚ್ಚಿದ ರೆಕ್ಕೆಗಳನ್ನು ಮರಿಗಳಿಗೆ ಕೊಡೆಯಾಗಿ ಹಿಡಿಯುತ್ತವೆ. ತಲೆಕೆಳಗಾಗಿ ಜೋತ ಬಾವಲಿಗಳು ರೆಕ್ಕೆಯನ್ನೇ ಬೀಸಣಿಗೆ ಮಾಡಿಕೊಳ್ಳುತ್ತವೆ. ನೀರುನಾಯಿ ಮಾತ್ರ ಅದೃಷ್ಟವಿದ್ದವರಿಗೆ ಕಾಣುವ ಪ್ರಾಣಿ. ಮುಂಗಾರಿನ ಹೊಳೆ ತುಂಬಿದರೆ ಬಂಡೆಗಳು ಮತ್ತೆ ನೀರಿನಡಿಗೆ.