ನಡುವಿನ ಮನೆ

ವಯಸ್ಸಾದ ಮೇಲೆ ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ಬಲ್ಲವರು ಹೇಳುತ್ತಾರೆ. ಎಂಥ ಹವ್ಯಾಸ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ನನ್ನ ಗೆಳೆಯರಲ್ಲಿ ಒಬ್ಬರು ಗುಲಾಬಿ ಬೆಳೆಸುತ್ತಾರೆ. ಇನ್ನೊಬ್ಬರು ಕೆಲಗೇರಿ ಕೆರೆಯ ದಂಡೆಯಲ್ಲಿ ತಿರುಗಾಡುತ್ತಾರೆ. ಮತ್ತೊಬ್ಬರು ತಮಗೆ ಯಾವ ಹವ್ಯಾಸವೂ ಇಲ್ಲದ್ದರಿಂದ ನಮ್ಮೆಲ್ಲರ ಹವ್ಯಾಸಗಳನ್ನು ಟೀಕಿಸುತ್ತಾರೆ. ನನ್ನ ಪಾಲಿಗೆ ಬಂದದ್ದು ಮಾಳಿಗೆಯ ಮೇಲೆ ಕೋಲು ನಿಲ್ಲಿಸಿ, ಅದಕ್ಕೊಂದು ಪುಟ್ಟ ಪೆಟ್ಟಿಗೆ ಕಟ್ಟಿ, ಅದು ಯಾರೊಡನೆಯಾದರೂ ಮಾತಾಡೀತೇ ಎಂದು ಕಾಯುತ್ತ ಕೂಡುವ ಹವ್ಯಾಸ.

ಇದನ್ನು ನನಗೆ ಹಚ್ಚಿದವನು ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ನಮ್ಮ ಅಕ್ಕನ ಮೊಮ್ಮಗ, ಇಂಜಿನಿಯರಿಂಗ್ ಓದುವ ಹುಡುಗ. ದೀಪಾವಳಿಗೆ ಬಂದವನು ಕಿಸೆಯಿಂದ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಹಲಗೆಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟು, "ಅಜ್ಜಾ, ಇದು ರೇಡಿಯೋ" ಎಂದ.

ರೇಡಿಯೋ ಎಂದರೆ ನನ್ನ ಕಣ್ಣ ಮುಂದೆ ನಿಲ್ಲುವುದು ನಮ್ಮ ತಂದೆಯವರ ರೇಡಿಯೋ. ಪಡಸಾಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕುಳಿತ ಕಟ್ಟಿಗೆಯ ಪೆಟ್ಟಿಗೆ. ಗೋಡೆಯಿಂದ ಗೋಡೆಗೆ ಬಿಗಿದ ತಾಮ್ರದ ಜಾಳಿಗೆಯ ಏರಿಯಲ್. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಒಯ್ದು ಹಣ ಕಟ್ಟಿ ಠಸ್ಸೆ ಒತ್ತಿಸಿಕೊಂಡು ಬರಬೇಕಾದ ಲೈಸೆನ್ಸ್ ಪುಸ್ತಕ. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾದದ್ದು. ನಾನು ಬುದ್ಧಿ ತಿಳಿಯುವ ಹೊತ್ತಿಗೆ ನಮ್ಮ ಮನೆಯ ಊಟ, ನಿದ್ರೆ, ಶಾಲೆಯ ಹೊತ್ತು ಎಲ್ಲವೂ ಅದರ ಮಾತಿನಂತೆ ನಡೆಯುತ್ತಿದ್ದವು. ಅಂಥ ರೇಡಿಯೋ ಎಲ್ಲಿ, ಅಂಗೈಯಲ್ಲಿನ ಈ ಹಲಗೆ ಎಲ್ಲಿ!

ಹುಡುಗ ವಿವರಿಸಿದ. ಇದು ಮೆಶ್ ರೇಡಿಯೋ. ಮೆಶ್ ಎಂದರೆ ಜಾಳಿಗೆ. ಇದರಲ್ಲಿ ಹಾಡಿಲ್ಲ, ವಾರ್ತೆಯಿಲ್ಲ. ಬರೆದ ಮಾತು ಮಾತ್ರ. ಮೊಬೈಲಿನಲ್ಲಿ ನಾಲ್ಕು ಮಾತು ಬರೆದರೆ ಅವು ಬ್ಲೂಟೂತಿನ ಮೂಲಕ ಈ ಹಲಗೆಗೆ ಹೋಗುತ್ತವೆ. ಹಲಗೆ ಅವನ್ನು ಗಾಳಿಗೆ ಬಿಡುತ್ತದೆ. ಇನ್ನೊಂದು ಮನೆಯ ಹಲಗೆ ಹಿಡಿದುಕೊಳ್ಳುತ್ತದೆ. ನಡುವೆ ಸಿಮ್ ಕಾರ್ಡಿಲ್ಲ, ಟವರಿಲ್ಲ, ಇಂಟರ್ನೆಟ್ಟಿಲ್ಲ, ತಿಂಗಳ ಬಿಲ್ಲೂ ಇಲ್ಲ. ಮೊಬೈಲು ನಿಲುಕದ ಗುಡ್ಡ ಕಾಡುಗಳಲ್ಲಿ ತಿರುಗುವವರನ್ನು ನೆನೆದು ಅಮೇರಿಕೆಯ ಕೆವಿನ್ ಹೆಸ್ಟರ್ ಎಂಬವರು 2020ರಲ್ಲಿ ಆರಂಭಿಸಿದ ಮೆಶ್‌ಟಾಸ್ಟಿಕ್ ಎಂಬ ತಂತ್ರಾಂಶ ಇದರ ಜೀವಾಳ. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

"ಲೈಸೆನ್ಸ್ ಬ್ಯಾಡೇನೋ?" ಎಂದು ಕೇಳಿದೆ, ತಂದೆಯವರ ಪುಸ್ತಕ ನೆನಪಾಗಿ. ಬೇಡವಂತೆ. 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕೇಂದ್ರ ಸರಕಾರ 2005ರಲ್ಲಿಯೇ ಇಂಥ ಸಣ್ಣ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿಲ್ಲದೆ ಬಿಟ್ಟುಕೊಟ್ಟಿದೆ. ಹೊರಡಿಸುವ ಶಕ್ತಿ 1 ವ್ಯಾಟನ್ನು ಮೀರಬಾರದು, ಅಷ್ಟೆ. ನಮ್ಮ ಹಲಗೆಯದು ಅದರ ಆರನೆಯ ಒಂದು ಪಾಲು. ದೇವರ ಮನೆಯ ಮಿಣುಕು ದೀಪಕ್ಕೂ ಇದಕ್ಕಿಂತ ಹೆಚ್ಚು ಶಕ್ತಿ ಬೇಕು.

ಇಷ್ಟು ಕ್ಷೀಣವಾದ ದನಿ ದೂರ ಹೋಗುವುದು ಹೇಗೆ? ಅದರ ಗುಟ್ಟು ಲೋರಾ ಎಂಬ ವಿದ್ಯೆಯಲ್ಲಿದೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಹುಟ್ಟಿದ್ದು ಅದು. ಅದರ ದನಿ ಒಂದೇ ಸ್ವರದಲ್ಲಿ ನಿಲ್ಲದೆ ಕೆಳಗಿನಿಂದ ಮೇಲಕ್ಕೆ ಜಾರುತ್ತ ಹೋಗುತ್ತದೆ. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗವಾಯಿಗಳು ಎಳೆಯುವ ಮೀಂಡನ್ನು ಕೇಳಿ ಬೆಳೆದವರು ನಾವು. ಸಂತೆಯ ಗದ್ದಲದಲ್ಲಿ ಬಿಡಿ ಸ್ವರ ಮುಳುಗಿ ಹೋದೀತು. ಮೇಲೇರುವ ಮೀಂಡನ್ನು ಬಲ್ಲ ಕಿವಿ ಹಿಡಿದೇ ಹಿಡಿಯುತ್ತದೆ. ಹಾಗೆಯೇ ಈ ಹಲಗೆಯೂ ಗದ್ದಲಕ್ಕಿಂತ ಕೆಳಗಿನ ದನಿಯನ್ನು ಹೆಕ್ಕಿ ತೆಗೆಯುತ್ತದೆ.

ಎರಡೂವರೆ ಸಾವಿರ ರೂಪಾಯಿ ಕೊಟ್ಟು ಒಂದು ಹಲಗೆ ತರಿಸಿದೆ. ಆಂಟೆನಾ ಹಚ್ಚದೆ ವಿದ್ಯುತ್ತು ಕೊಡಬಾರದು, ಕೊಟ್ಟರೆ ಒಳಗಿನ ಭಾಗ ಸುಟ್ಟೀತು ಎಂದು ಹುಡುಗ ಮೂರು ಸಲ ಎಚ್ಚರಿಸಿದ್ದ. ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಹಲಗೆ, ಬ್ಯಾಟರಿ. ಮೇಲೆ ಅಂಗೈಯಗಲದ ಸೌರಫಲಕ. ಇವೆಲ್ಲವನ್ನೂ ನಲ್ಲಿಯ ಪೈಪಿಗೆ ಬಿಗಿದು ವಿದ್ಯಾಗಿರಿಯ ನಮ್ಮ ಮನೆಯ ಮಾಳಿಗೆಯಲ್ಲಿ ನಿಲ್ಲಿಸಿದೆ. ಮೊದಲ ವಾರವೇ ಮಂಗಗಳು ಬಂದು ಆಂಟೆನಾವನ್ನು ಬಗ್ಗಿಸಿ ಪರೀಕ್ಷಿಸಿದವು. ಬದಿಯ ಮನೆಯವರು, "ಟವರ್ ಏನ್ರಿ? ತಿಂಗಳಾ ಬಾಡಿಗಿ ಎಷ್ಟ ಬರ್ತದ?" ಎಂದು ವಿಚಾರಿಸಿದರು. ನಮ್ಮಾಕೆ ಹಪ್ಪಳ ಒಣ ಹಾಕಲು ಬಂದು ನೋಡಿ, "ಹಾಡೂದಿಲ್ಲ, ಮಾತಾಡೂದಿಲ್ಲ, ಇದಕ್ಯಾಕ ರೇಡಿಯೋ ಅಂತೀರಿ?" ಎಂದಳು.

ಅವಳ ಮಾತು ಸುಳ್ಳಾಗಿರಲಿಲ್ಲ. ಅಕ್ಕನ ಮನೆಯ ಮಾಳಿಗೆಯ ಮೇಲೆ ಹುಡುಗ ಇನ್ನೊಂದು ಪೆಟ್ಟಿಗೆ ನಿಲ್ಲಿಸಿದ್ದ. ನಾನು ದಿನಾ ಸಂಜೆ ಮೊಬೈಲು ಹಿಡಿದು, "ಹುಬ್ಬಳ್ಳಿ, ಕೇಳಸ್ತದೇನು?" ಎಂದು ಬರೆಯುವುದು; ಸ್ವಲ್ಪ ಹೊತ್ತಿನಲ್ಲಿ 'ತಲುಪಲಿಲ್ಲ' ಎಂಬ ಗುರುತು ಮೂಡುವುದು. ಎರಡೂ ಊರುಗಳ ನಡುವಿನ ಅಂತರ ಸುಮಾರು 20 ಕಿಲೋಮೀಟರು. ಅಂತರಕ್ಕಿಂತ ಅಡ್ಡಿ ದೊಡ್ಡದು. ನಮ್ಮ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 392 ಮೀಟರು. ಅಂಥ ಅಲೆ ದಿನ್ನೆಯನ್ನು ಬಳಸಿಕೊಂಡು ಹೋಗಬಲ್ಲದು. ನಮ್ಮ ಹಲಗೆಯ ಅಲೆ 35 ಸೆಂಟಿಮೀಟರು ಮಾತ್ರ. ಅದು ಕಣ್ಣಿನ ಹಾಗೆ. ನೇರ ಕಂಡಲ್ಲಿಗೆ ಹೋದೀತು, ಅಡ್ಡ ಬಂದರೆ ನಿಂತೀತು. ಉಣಕಲ್ಲಿನ ಏರು, ಗಿಡಮರ, ಹೊಸ ಹೊಸ ಕಟ್ಟಡಗಳು ನಮ್ಮ ಮಾತಿಗೆ ಅಡ್ಡ ನಿಂತಿದ್ದವು.

ಹುಡುಗ ನಕಾಶೆ ನೋಡಿ ಫೋನು ಮಾಡಿದ. "ಅಜ್ಜಾ, ನಡುವ ಇನ್ನೊಂದು ಮನಿ ಬೇಕು. ನಿಮ್ಮ ಮಾತು ಆ ಮನಿ ಕೇಳಿ, ತಿರುಗಿ ನಮಗ ಹೇಳತದ. ನವನಗರ ಆದ್ರ ಎರಡೂ ಕಡೆ ನಿಲಕತದ. ಅಲ್ಲೆ ಸಣ್ಣಜ್ಜನ ಮನಿ ಅದಲಾ!"

ಸಣ್ಣಜ್ಜ ಎಂದರೆ ನನ್ನ ತಮ್ಮ. ಹುಡುಗರಿಗೆ ಎಲ್ಲ ಅಲೆಗಳ ಲೆಕ್ಕವೂ ಗೊತ್ತು. ಹಿರಿಯರ ನಡುವೆ ಎಲ್ಲೆಲ್ಲಿ ದಿನ್ನೆಗಳಿವೆ ಎಂಬುದು ಗೊತ್ತಿರುವುದಿಲ್ಲ. ತಂದೆಯವರು ತೀರಿಕೊಂಡ ಮೇಲೆ ಹಳೆಯ ಮನೆ ಮಾರಿದೆವು. ಹಣದ ಲೆಕ್ಕದಲ್ಲಿ ಒಂದು ಮಾತೂ ಬರಲಿಲ್ಲ. ಜಗಳವಾದದ್ದು ಆ ರೇಡಿಯೋಕ್ಕಾಗಿ. ಅದು ಕೆಟ್ಟು ಹತ್ತಾರು ವರ್ಷಗಳಾಗಿದ್ದವು. ತಮ್ಮ ನನ್ನನ್ನು ಕೇಳದೆ ಅದನ್ನು ಒಯ್ದ. ನಾನು ನಾಲ್ಕು ಜನರ ಮುಂದೆ, "ನಿನಗ ಅಪ್ಪನ ಮಾತಿಗಿಂತ ಅಪ್ಪನ ಸಾಮಾನ ಹೆಚ್ಚು" ಎಂದುಬಿಟ್ಟೆ. ಅಂದು ನಿಂತ ಮಾತು ಏಳು ವರ್ಷವಾದರೂ ಸರಿಯಾಗಿ ಹೊರಡಲಿಲ್ಲ. ಮದುವೆ ಮುಂಜಿವೆಗಳಲ್ಲಿ ಭೆಟ್ಟಿಯಾದಾಗ "ಆರಾಮೇನು?", "ಆರಾಮ" ಎನ್ನುತ್ತಿದ್ದೆವು. ಅವನ ಫೋನ್ ನಂಬರು ನನ್ನಲ್ಲಿತ್ತು, ನನ್ನದು ಅವನಲ್ಲಿತ್ತು. ಟವರುಗಳಿಗೇನೂ ಕೊರತೆಯಿರಲಿಲ್ಲ.

ಈ ಅವಳಿ ಊರುಗಳದೂ ಅದೇ ಕಥೆಯಲ್ಲವೇ? 1962ರಲ್ಲಿ ಎರಡಕ್ಕೂ ಕೂಡಿ ಒಂದೇ ಮಹಾನಗರಪಾಲಿಕೆಯಾಯಿತು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ರಾಜ್ಯದ ಸಚಿವ ಸಂಪುಟ ಒಪ್ಪಿತು. ಪಾಲು ಅಣ್ಣತಮ್ಮಂದಿರಿಗೆ ಮಾತ್ರ ಬರುವ ಕಾಯಿಲೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ಜಾಳಿಗೆಯ ವಿಷಯದಲ್ಲಿ ಸಮಾಧಾನ ನಡೆಯಲಿಲ್ಲ. ಕೋಲನ್ನು ಐದು ಅಡಿ ಎತ್ತರಿಸಿದೆ. ಆಂಟೆನಾ ಬದಲಿಸಿದೆ. ಸತ್ತೂರಿನಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿ ಅವರ ಮಾಳಿಗೆಯ ಮೇಲೆ ಪೆಟ್ಟಿಗೆ ಹಿಡಿದು ಒಂದು ತಾಸು ನಿಂತೆ. ಧಾರವಾಡ ಕೇಳಿತು, ಹುಬ್ಬಳ್ಳಿ ಕೇಳಲಿಲ್ಲ. ಕೊನೆಗೆ ಅಕ್ಕನೇ ಫೋನು ಮಾಡಿದಳು. ಹುಡುಗನನ್ನು ನವನಗರಕ್ಕೆ ಕಳಿಸು ಎಂದರೆ, "ಅವಗ ಪರೀಕ್ಷಾ ಅವ. ನೀನ ಹೋಗು" ಎಂದಳು. ಈ ಇಡೀ ಹವ್ಯಾಸವೇ ಅಕ್ಕನ ಸಂಚಾಗಿತ್ತೇನೋ ಎಂಬ ಅನುಮಾನ ನನಗೆ ಈಗಲೂ ಇದೆ.

ಒಂದು ರವಿವಾರ ನವಲೂರಿನ ಪೇರಲ ಹಣ್ಣು ಎರಡು ಕಿಲೋ, ಪೆಟ್ಟಿಗೆ ಒಂದು, ಇವನ್ನು ಚೀಲದಲ್ಲಿಟ್ಟುಕೊಂಡು ಚಿಗರಿ ಬಸ್ಸು ಹತ್ತಿದೆ. ತಮ್ಮನೇ ಬಾಗಿಲು ತೆಗೆದ. ಒಂದು ನಿಮಿಷ ಇಬ್ಬರೂ ನಿಂತೆವು. ಅವನ ಹೆಂಡತಿ ಒಳಗಿನಿಂದ, "ಭಾವನವರು ಬಂದಾರ, ಹೊರಗ ಯಾಕ ನಿಂದ್ರಿಸೀರಿ?" ಎಂದಾಗಲೇ ನಾನು ಒಳಗೆ ಕಾಲಿಟ್ಟದ್ದು. ಪಡಸಾಲೆಯಲ್ಲಿ ಅದೇ ರೇಡಿಯೋ, ಅದೇ ಕಸೂತಿಯ ಬಟ್ಟೆ. ಪಕ್ಕದಲ್ಲಿ ಠಸ್ಸೆಗಳಿಂದ ತುಂಬಿದ ಲೈಸೆನ್ಸ್ ಪುಸ್ತಕವೂ ಇತ್ತು. ಅದನ್ನು ಒಂದು ದಿನವೂ ಧೂಳು ಹಿಡಿಯಗೊಟ್ಟಿರಲಿಲ್ಲ ಎಂಬುದು ನೋಡಿದರೆ ತಿಳಿಯುತ್ತಿತ್ತು. ನಾನು ಆಡಿದ ಮಾತು ಎಷ್ಟು ತಪ್ಪಿತ್ತೆಂದು ಆಗ ಗೊತ್ತಾಯಿತು. ಹೇಳಲು ಬಾಯಿ ಬರಲಿಲ್ಲ. ಪೆಟ್ಟಿಗೆಯ ವಿಷಯ ತೆಗೆದೆ.

"ಅಂದ್ರ ನೀವು ಅಲ್ಲಿಂದ ಹೇಳೂದು, ಅಕ್ಕ ಇಲ್ಲಿಂದ ಹೇಳೂದು, ನನ್ನ ಮನಿ ಹೊತಗೊಂಡ ಹೋಗೂದು?" ಎಂದ ತಮ್ಮ.

"ಹೌದು."

"ನನಗ ಕೇಳಸೂದಿಲ್ಲ?"

ನಾನು ಸುಮ್ಮನಾದೆ. ನಿಜಕ್ಕೂ ಈ ಜಾಳಿಗೆಯ ನಿಯಮವೇ ಹಾಗಿದೆ. ಮಾತಿಗೆ ಗುಪ್ತ ಬೀಗ ಹಾಕಿರುತ್ತದೆ. ನಡುವಿನ ಪೆಟ್ಟಿಗೆಗೆ ಅದರ ಕೀಲಿ ಇಲ್ಲದಿದ್ದರೂ ಸಾಗಿಸುವ ಕೆಲಸವನ್ನು ತಪ್ಪದೆ ಮಾಡುತ್ತದೆ. ಮಾತು ಮೂರು ಸಲ ಕೈ ಬದಲಾಯಿಸುವವರೆಗೆ ಹೀಗೆ ಮುಂದುವರಿಯುತ್ತದೆ. ಹಲವು ಪೆಟ್ಟಿಗೆಗಳಿಗೆ ಒಮ್ಮೆಲೇ ಕೇಳಿಸಿದರೆ, ಎಲ್ಲಕ್ಕಿಂತ ಕ್ಷೀಣವಾಗಿ ಕೇಳಿದ ಪೆಟ್ಟಿಗೆಗೆ ಮೊದಲು ನುಡಿಯುವ ಅವಕಾಶ. ಅದು ದೂರದಲ್ಲಿದೆಯಾದ್ದರಿಂದ ಮಾತನ್ನು ಇನ್ನೂ ದೂರ ಒಯ್ದೀತೆಂದು. ಅದು ನುಡಿದದ್ದು ಕೇಳಿಸಿದರೆ ಉಳಿದವು ಸುಮ್ಮನಾಗುತ್ತವೆ. ಮನುಷ್ಯರ ಸಭೆಗಳಲ್ಲಿ ಇಂಥ ಶಿಸ್ತನ್ನು ನಾನು ಕಂಡಿಲ್ಲ. ಆದರೆ ತಮ್ಮನ ಮನೆಯನ್ನು ಬರಿಯ ಕೋಲಾಗಿ ಬಳಸಿಕೊಳ್ಳಲು ಬಂದಿದ್ದೇನೆಂಬುದು ಅವನು ಕೇಳಿದಾಗಲೇ ನನಗೆ ಹೊಳೆದದ್ದು.

ಅಲ್ಲಿಂದಲೇ ಹುಡುಗನಿಗೆ ಫೋನು ಹಚ್ಚಿ, ಕೀಲಿಯನ್ನು ತಮ್ಮನ ಮೊಬೈಲಿಗೂ ಕೊಡುವುದು ಹೇಗೆಂದು ಕೇಳಿದೆ. ಒಂದು ಕ್ಯೂಆರ್ ಚಿತ್ರ ತೋರಿಸಿದರೆ ಮುಗಿಯಿತಂತೆ. ಅಷ್ಟು ಸುಲಭ! ತಮ್ಮ ತಾನೇ ಏಣಿ ಹತ್ತಿದ. ಪೆಟ್ಟಿಗೆ ಕಟ್ಟಲು ತಂತಿ ಸಾಲದೆ ಬಂದಾಗ ಒಳಗಿನಿಂದ ಒಂದು ಸುರುಳಿ ತರಿಸಿದ. ನೋಡಿದರೆ ನಮ್ಮ ಪಡಸಾಲೆಯ ಹಳೆಯ ಏರಿಯಲ್ಲಿನ ಜಾಳಿಗೆ. "ಬ್ಯಾಡ, ಅದು ಅಪ್ಪಂದು" ಎಂದೆ. "ಅಪ್ಪಂದ ಅಂತನ ತಂದದ್ದು" ಎಂದ. ತಾಮ್ರವನ್ನು ಆಂಟೆನಾದ ಹತ್ತಿರ ಕಟ್ಟಿದರೆ ಅಲೆ ಕೆಡುತ್ತದೆ ಎಂದು ವಿಜ್ಞಾನದ ಕಾರಣ ಕೊಟ್ಟು ಅದನ್ನು ತಿರುಗಿ ಒಳಗಿರಿಸಿದೆವು. ಕೊನೆಗೆ ಕಟ್ಟಿದ್ದು ಬಟ್ಟೆ ಒಣಗಿಸುವ ನೈಲಾನ್ ಹಗ್ಗದಿಂದ.

ಐದು ನಿಮಿಷದಲ್ಲಿ ಅಕ್ಕನ ಮಾತು ಬಂತು: "ಇಬ್ರೂ ಊಟ ಮಾಡ್ರಿ."

ಒಂದು ಸಲಕ್ಕೆ ಸುಮಾರು 200 ಬೈಟು ಮಾತ್ರ ಬರೆಯಬಹುದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು; ಕನ್ನಡದ ಅಕ್ಷರಕ್ಕೆ ಮೂರು, ಅದರ ಕಾಗುಣಿತದ ಗುರುತಿಗೆ ಬೇರೆ ಮೂರು. ಇಂಗ್ಲಿಷಿನ ಧಾರವಾಡ 7 ಬೈಟು, ಕನ್ನಡದ ಧಾರವಾಡ 18. ಹಿಂದಿನವರಂತೆ "ತೀರ್ಥರೂಪ ಅಣ್ಣನವರಿಗೆ ಸಾಷ್ಟಾಂಗ ನಮಸ್ಕಾರಗಳು" ಎಂದು ಆರಂಭಿಸಿದರೆ ಅದಕ್ಕೇ 111 ಬೈಟು ಹೋಗುತ್ತವೆ. 2013ರಲ್ಲಿ ತಂತಿಯ ಸೇವೆ ನಿಂತ ಮೇಲೆ ಮಾತನ್ನು ಎಣಿಸಿ ಖರ್ಚು ಮಾಡುವ ರೂಢಿ ನಮಗೆ ತಪ್ಪಿತ್ತು. ಅದು ಮತ್ತೆ ಬಂದದ್ದು ನಮ್ಮಿಬ್ಬರಿಗೂ ಒಳ್ಳೆಯದೇ ಆಯಿತು. ಹಳೆಯ ಲೆಕ್ಕ ತೆಗೆಯುವಷ್ಟು ಜಾಗ 200 ಬೈಟುಗಳಲ್ಲಿಲ್ಲ.

ಈ ಜಾಳಿಗೆಯಿಂದ ಲೋಕೋಪಕಾರವಾಯಿತೆಂದು ನಾನು ಹೇಳಲಾರೆ. ಮೋಡ ಮುಸುಕಿ ನಾಲ್ಕು ದಿನ ಬಿಸಿಲು ಬೀಳದಿದ್ದರೆ ಬ್ಯಾಟರಿ ಸೋಲುತ್ತದೆ. ನಡುವಿನ ಪೆಟ್ಟಿಗೆ ಮಲಗಿದರೆ ಎರಡೂ ಊರು ಮೂಕ. ಆದರೆ ಮೇ ತಿಂಗಳ ಒಂದು ರಾತ್ರಿ ಗಾಳಿ ಮಳೆಗೆ ಕರೆಂಟು ಹೋಗಿ, ಹಿಂದೆಯೇ ಮೊಬೈಲಿನ ಗೆರೆಗಳೂ ಮಾಯವಾದಾಗ, ಕತ್ತಲೆಯಲ್ಲಿ ನನ್ನ ಮೊಬೈಲು ಒಮ್ಮೆ ಮಿನುಗಿತು: "ಅಣ್ಣಾ, ಮಳಿ ಜೋರ ಅದ. ಮನಿ ಸೋರ್ತದೇನು?" ನಾನು ತಿರುಗಿ ಬರೆದೆ: "ಇಲ್ಲ. ಅವತ್ತ ನಾ ಅಂದದ್ದು ತಪ್ಪು." ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು: "ಮಲಕೋರಿ. ಬೆಳಿಗ್ಗೆ ಮಾತಾಡೂಣು."

ಹೋದ ತಿಂಗಳು ನವನಗರದ ಪೆಟ್ಟಿಗೆ ಎರಡು ದಿನ ಸುಮ್ಮನಿತ್ತು. ಪೇರಲ ಹಣ್ಣು ತೆಗೆದುಕೊಂಡು ಹೋದೆ. ಮಂಗಗಳ ಕಾಟಕ್ಕೆ ತಮ್ಮ ಅದನ್ನು ಬಿಚ್ಚಿ ಕೆಳಗೆ ತಂದಿಟ್ಟಿದ್ದ. ಚಹಾ ಕುಡಿದೆವು, ತಂದೆಯವರ ರೇಡಿಯೋದ ಹಿಂಬದಿ ಬಿಚ್ಚಿ ಯಾವ ವಾಲ್ವು ಸತ್ತಿದೆಯೆಂದು ವಾದಿಸಿದೆವು, ಊಟವಾಯಿತು, ಸಂಜೆಯಾಯಿತು. ಬಸ್ಸು ರಾಯಾಪುರ ದಾಟಿದ ಮೇಲೆ ನೆನಪಾಯಿತು: ಪೆಟ್ಟಿಗೆಯನ್ನು ಮತ್ತೆ ಮೇಲೆ ಕಟ್ಟುವುದನ್ನು ಇಬ್ಬರೂ ಮರೆತಿದ್ದೆವು.