ಹನಕೆರೆ ಕಡೆಯ ಗಾಳ, ಬೆಳ್ಳೂರಿನ ಹಕ್ಕಿ

ಮೈಸೂರು ರೈಲು ಮದ್ದೂರು ದಾಟಿ ಮಂಡ್ಯ ಮುಟ್ಟೋ ಮೊದಲು ಹನಕೆರೆ ಅನ್ನೋ ಪುಟ್ಟ ಸ್ಟೇಷನ್ ಬರುತ್ತೆ. ಹೆಸರಲ್ಲೇ ಕೆರೆ ಇರೋ ಊರು. ಸುತ್ತಮುತ್ತ ಕಬ್ಬು, ಭತ್ತ, ವಿ.ಸಿ. ನಾಲೆಯ ನೀರು. ಭಾನುವಾರ ಗಾಳ ಹಿಡಿದು ಈ ಕಡೆ ಬರೋ ನನಗೆ ಆಫೀಸಿನ ಗೆಳೆಯರು ಕೇಳೋದು ಒಂದೇ: "ಯಾವ ರಾಡ್, ಯಾವ ದಾರ ತಗೊಳ್ಳಲಿ?"

ಅವರು ನೋಡಿರೋ ವಿಡಿಯೋಗಳೆಲ್ಲ ಸಮುದ್ರ ತೀರದ್ದು. ಅಲ್ಲಿನ ಲೆಕ್ಕವೇ ಬೇರೆ. ಅಲೆ ದಾಟಿಸಿ ಎಸೆಯೋಕೆ ಹನ್ನೆರಡು ಅಡಿ ರಾಡ್, ಮರಳಲ್ಲಿ ಕಚ್ಚಿ ನಿಲ್ಲೋಕೆ ನೂರು ಗ್ರಾಂ ಆಸುಪಾಸಿನ ಸೀಸ ಬೇಕು. ಅಷ್ಟು ಭಾರವನ್ನು ಜೋರಾಗಿ ಬೀಸಿದರೆ ತೆಳು ದಾರ ಪಟ್ ಅಂತ ಕಿತ್ತುಹೋಗುತ್ತೆ. ಅದಕ್ಕೇ ತುದಿಯಲ್ಲಿ ಕೆಲವು ಮೀಟರ್ ದಪ್ಪ ದಾರ ಸೇರಿಸ್ತಾರೆ. ಅದೇ ಶಾಕ್ ಲೀಡರ್.

ನಮ್ಮ ಕೆರೆಗೆ ಇದ್ಯಾವುದೂ ಬೇಡ. ಬಿದಿರು ಕಡ್ಡಿ, ಮೂರ್ನಾಲ್ಕು ಕೆ.ಜಿ. ತಡೆಯೋ ತಂಗೂಸಿ, ಬೆಂಡು, ಕಾಳಿನಷ್ಟು ಸೀಸ, ಚಿಕ್ಕ ಗಾಳ. ಎರೆಹುಳು ಅಥವಾ ಕಲಸಿದ ರಾಗಿಹಿಟ್ಟು ಸಿಕ್ಕಿಸಿದರೆ ಜಿಲೇಬಿ, ಗೆಂಡೆಗೆ ಸಾಕು. ಹರಿಯೋ ನೀರಾದರೆ ಬೆಂಡು ತೆಗೆದು, ನಡುವೆ ತೂತಿರೋ ಸೀಸ ಪೋಣಿಸಿ. ಸೀಸ ತಳದಲ್ಲಿ ಕೂತಿರುತ್ತೆ, ದಾರ ಅದರೊಳಗೆ ಜಾರುತ್ತೆ. ಎಳೆಯೋ ಮೀನಿಗೆ ಭಾರ ಗೊತ್ತಾಗಲ್ಲ.

ದಾರದಷ್ಟೇ ಮುಖ್ಯ ಗಂಟು. ತಂಗೂಸಿಗೆ ಕ್ಲಿಂಚ್ ಗಂಟು ಒಳ್ಳೇದು. ಗಾಳದ ಕಣ್ಣಿಗೆ ದಾರ ತೂರಿಸಿ, ತುದಿಯನ್ನು ಅದೇ ದಾರದ ಸುತ್ತ ಐದಾರು ಸಲ ಸುತ್ತಿ. ಕಣ್ಣಿನ ಪಕ್ಕದ ಸಣ್ಣ ಕುಣಿಕೆಯೊಳಗೆ ತೂರಿಸಿ, ಆಗ ಆಗೋ ದೊಡ್ಡ ಕುಣಿಕೆಗೂ ತೂರಿಸಿ. ಎಂಜಲಲ್ಲಿ ಒದ್ದೆ ಮಾಡಿಯೇ ಎಳೆಯಿರಿ. ಒಣಗಿದ್ದರೆ ಉಜ್ಜಾಟದ ಬಿಸಿಗೆ ತಂಗೂಸಿ ಸೋಲುತ್ತೆ. ಹೆಣೆದ ದಾರ ನುಣುಪು, ಈ ಗಂಟು ಜಾರಬಹುದು. ಅದಕ್ಕೆ ದಾರವನ್ನು ಜೋಡಿ ಮಾಡಿ ಕಟ್ಟೋ ಪಲೋಮರ್ ಗಂಟು ವಾಸಿ.

ಇಷ್ಟೆಲ್ಲ ಕಟ್ಟಿದರೂ ಗಾಳ ಒಂದು ದಿನ ಬೇರಿಗೋ ಕಲ್ಲಿಗೋ ಸಿಕ್ಕಿಕೊಳ್ಳೋದೇ. ಒಂದ್ಸಲ ಏರಿ ಮೇಲೆ ಕೂತಿದ್ದ ಯಜಮಾನರೊಬ್ಬರು ನನ್ನ ದಾರ ನೋಡಿ, "ಇದು ಎಲ್ಲಿ ಕಿತ್ತೋಯ್ತದೆ ಅಂತ ಗೊತ್ತೇನಪ್ಪಾ?" ಅಂದರು. ಅಂಗಡಿಯಲ್ಲಿ ನಾವು ಎಷ್ಟು ಕೆ.ಜಿ. ತಡೆಯುತ್ತೆ ಅಂತ ಕೇಳ್ತೀವಿ. ಎಲ್ಲಿ ಕೀಳಬೇಕು ಅಂತ ಯೋಚಿಸೋದೇ ಇಲ್ಲ.

ಉತ್ತರ ಸುಲಭ. ಗಾಳ ಕಟ್ಟೋ ಕೊನೆಯ ಒಂದಡಿ ದಾರ ಮಿಕ್ಕಿದ್ದಕ್ಕಿಂತ ತೆಳುವಾಗಿರಲಿ. ಸಿಕ್ಕಿಕೊಂಡಾಗ ಕಿತ್ತುಹೋಗೋದು ಆ ತುಂಡು ಮಾತ್ರ. ಕಡಲ ತೀರದಲ್ಲೂ ಬಂಡೆ ಇರೋ ಕಡೆ ಸೀಸವನ್ನು ಬೇಕಂತಲೇ ಕಚ್ಚಾ ದಾರದಲ್ಲಿ ಕಟ್ಟೋದು ಇದಕ್ಕೇ. ಸೀಸ ಹೋದರೂ ಮಿಕ್ಕಿದ್ದು ಕೈಗೆ ಬರುತ್ತೆ.

ಇಲ್ಲಾಂದ್ರೆ ಮೀಟರ್‌ಗಟ್ಟಲೆ ತಂಗೂಸಿ ನೀರಲ್ಲೇ ಉಳಿಯುತ್ತೆ, ವರ್ಷಗಟ್ಟಲೆ ಕೊಳೆಯಲ್ಲ. ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರಿದೆ. ಅಲ್ಲಿಗೆ ಮರಿ ಮಾಡೋಕೆ ಬರೋ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಊರಿನವರು ಬಾಣಂತನಕ್ಕೆ ಬಂದ ಮಗಳ ಹಾಗೆ ನೋಡ್ತಾರೆ. 2007ರಿಂದ ಅದು ಸಮುದಾಯ ಸಂರಕ್ಷಿತ ಪ್ರದೇಶ. ಆ ಹಕ್ಕಿಗಳು ಮೀನು ಹುಡುಕೋದು ಸುತ್ತಲಿನ ಕೆರೆ, ಹೊಳೆಗಳಲ್ಲೇ. ಬಿಟ್ಟುಹೋದ ದಾರ ಕಾಲಿಗೋ ಕೊಕ್ಕಿಗೋ ಸುತ್ತಿಕೊಂಡರೆ ಹಕ್ಕಿಗೆ ಬಿಡಿಸಿಕೊಳ್ಳೋಕೆ ಆಗಲ್ಲ. ಗೂಡಲ್ಲಿ ಕಾಯೋ ಮರಿಗಳಿಗೆ ಊಟವೂ ಇಲ್ಲ.

ಬರೋದಾದರೆ ಎರಡು ಮಾತು. ಎಷ್ಟೋ ಕೆರೆಗಳ ಮೀನು ಗುತ್ತಿಗೆ ಹೋಗಿರುತ್ತೆ. ಊರಿನವರನ್ನು ಕೇಳಿಯೇ ಗಾಳ ಹಾಕಿ. ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ ಕಡೆ ಹೋದರೆ ರಾಡ್ ಮನೆಯಲ್ಲೇ ಬಿಡಿ. ಅದು ಕಾವೇರಿ ವನ್ಯಧಾಮ, ಅಳಿವಿನಂಚಿನ ಮಹಶೀರ್ ಮೀನಿನ ನೆಲೆ.

ಇನ್ನು ರೀಲು ಎಷ್ಟೇ ದುಬಾರಿಯದು ಇರಲಿ, ಬ್ಯಾಗಲ್ಲಿ ಒಂದು ಖಾಲಿ ಡಬ್ಬಿಗೆ ಜಾಗ ಇಡಿ. ಕತ್ತರಿಸಿದ ತಂಗೂಸಿ ಚೂರೆಲ್ಲ ಅದರಲ್ಲಿ ಮನೆಗೆ ಬರಲಿ.