ಮಗ್ಗಗಳ ಊರಿನಲ್ಲಿ ಹಾಸು-ಹೊದಿಕೆಯ ಆಯ್ಕೆ

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ದೊಡ್ಡಬಳ್ಳಾಪುರ ನೇಕಾರರ ಊರು. ಇಲ್ಲಿಯ ಒಳಬೀದಿಗಳಲ್ಲಿ ನಡೆದರೆ ಕಣ್ಣಿಗಿಂತ ಮೊದಲು ಕಿವಿಗೆ ಊರಿನ ಪರಿಚಯವಾಗುತ್ತದೆ. ಮನೆಗಳ ಒಳಗಿನಿಂದಲೇ ವಿದ್ಯುತ್ ಮಗ್ಗಗಳ ಸದ್ದು ಎಡೆಬಿಡದೆ ಕೇಳಿಬರುತ್ತದೆ. ಮುದನೂರಿನ ಜೇಡರ ದಾಸಿಮಯ್ಯನವರು ಕೈಗೊಂಡಿದ್ದ ಕಾಯಕವೇ ಇಲ್ಲಿ ನೂರಾರು ಸಂಸಾರಗಳ ಅನ್ನದ ದಾರಿ.

ಮಗಳಿಗೆ ಕಾಲೇಜು ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆತಾಗ, ಹಾಸುಬಟ್ಟೆಗಳನ್ನು ಕೊಳ್ಳಲು ನಾವು ಆಕೆಯೊಡನೆ ಇಲ್ಲಿಗೇ ಹೋದೆವು. ಈ ಊರಿನ ಮಗ್ಗಗಳು ಮುಖ್ಯವಾಗಿ ನೇಯುವುದು ಸೀರೆಗಳನ್ನು. ಅಂಗಡಿಯ ಹಾಸುಬಟ್ಟೆಗಳು ತಮಿಳುನಾಡಿನ ಕರೂರು, ಹರಿಯಾಣದ ಪಾಣಿಪತ್ತಿನಂಥ ದೂರದ ಊರುಗಳಿಂದ ಬರುತ್ತವೆ. ಹೊದೆಯುವ ದಪ್ಪ ಚಾದರಕ್ಕೆ ಸೊಲ್ಲಾಪುರ ಹೆಸರಾಗಿದೆ. ಆದರೂ ನೂಲಿನ ಗುಣವನ್ನು ಬಲ್ಲವರು ಇಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತಾರೆ.

ಮಗಳ ಕಣ್ಣು ಹೊಳೆಯುವ ಹೂವಿನ ಅಚ್ಚಿನ ಬಟ್ಟೆಯ ಮೇಲಿತ್ತು. ಜೊತೆಯ ಹುಡುಗಿಯರ ಮುಂದೆ ತನ್ನದು ಸಪ್ಪೆಯಾಗಿ ಕಾಣಬಾರದೆಂಬ ಅಳುಕು ಆಕೆಗೆ. ಅಂಗಡಿಯಲ್ಲಿ ಕುಳಿತಿದ್ದ ಹಿರಿಯ ನೇಕಾರರೊಬ್ಬರು ನಕ್ಕು, "ಬಣ್ಣ ಆಮೇಲೆ ನೋಡು ತಾಯಿ, ಮೊದಲು ನೂಲು ನೋಡು" ಎಂದರು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಹಾಸು ಮತ್ತು ಹೊಕ್ಕು ಎರಡೂ ಎಳೆಗಳು ಒತ್ತಾಗಿ ಸಮನಾಗಿವೆಯೇ ಎಂದು ಪರೀಕ್ಷಿಸುವುದನ್ನು ತೋರಿಸಿದರು. ಅಂಚಿನಿಂದ ಒಂದು ಎಳೆ ತೆಗೆದು ಸುಟ್ಟರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಳೆಯುವ ಬಟ್ಟೆಯ ಎಳೆ ಮಣಿಯಾಯಿತು. ಬೇಸಿಗೆಯ ರಾತ್ರಿ ಅಂಥ ಬಟ್ಟೆ ಬೆವರನ್ನು ಹೀರುವುದಿಲ್ಲ. ನಿದ್ದೆಯಿಲ್ಲದ ವಿದ್ಯಾರ್ಥಿಗೆ ಮರುದಿನದ ಪಾಠ ತಲೆಗೆ ಹತ್ತೀತೇ?

ಒದ್ದೆಯಾದ ಬಿಳಿ ಕರವಸ್ತ್ರದಿಂದ ಉಜ್ಜಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ಬಣ್ಣದ ನೂಲಿನಲ್ಲೇ ನೇಯ್ದ ಚೌಕುಳಿ, ಪಟ್ಟೆಗಳು ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಸಣ್ಣಪುಟ್ಟ ಕಲೆಯನ್ನೂ ಮರೆಸುತ್ತವೆ. ಕೈಮಗ್ಗದ್ದೇ ಬೇಕೆನ್ನುವವರು 2006ರಲ್ಲಿ ಜಾರಿಗೆ ಬಂದ ಕೈಮಗ್ಗದ ಗುರುತನ್ನು ನೋಡಿ ಕೊಳ್ಳಬಹುದು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ 'ಪ್ರಿಯದರ್ಶಿನಿ' ಮಳಿಗೆಗಳೂ ಇವೆ.

'ಹಾಸಿಗೆಯಿದ್ದಷ್ಟು ಕಾಲು ಚಾಚು' ಎಂಬ ಗಾದೆಗೆ ವಿದ್ಯಾರ್ಥಿನಿಲಯದಲ್ಲಿ ನೇರವಾದ ಅರ್ಥವೇ ಉಂಟು. ಕೊಳ್ಳುವ ಮುನ್ನ ಮಂಚವನ್ನು ಅಳೆಯಬೇಕು. ಒಬ್ಬರು ಮಲಗುವ ಮಂಚಕ್ಕೆ ಸಾಮಾನ್ಯವಾಗಿ 60 ಅಂಗುಲ ಅಗಲ, 90 ಅಂಗುಲ ಉದ್ದದ ಬಟ್ಟೆ ಸಾಕು. ಹತ್ತಿ ಮೊದಲ ಒಗೆತದಲ್ಲಿ ಸ್ವಲ್ಪ ಕುಗ್ಗುವುದರಿಂದ ತೀರ ಅಳತೆಗೆ ಸರಿಯಾಗಿ ಕೊಳ್ಳಬಾರದು. ಒಂದು ಒಗೆತಕ್ಕೆ ಹೋದಾಗ ಹಾಸಲು ಇನ್ನೊಂದಿರಲೆಂದು ಎರಡು ಹಾಸುಬಟ್ಟೆ, ಎರಡು ದಿಂಬಿನ ಚೀಲ ಇರಲಿ. ಮೂಲೆಯಲ್ಲಿ ದಾರದಿಂದ ಹೆಸರು ಹೊಲಿದರೆ ಅದಲುಬದಲಾಗದು. ನಂದಿಬೆಟ್ಟದ ಆಸುಪಾಸಿನ ಈ ಸೀಮೆಯಲ್ಲಿ ಧನುರ್ಮಾಸದ ಚಳಿ ಕಡಿಮೆಯದಲ್ಲ. ಒಂದು ಚಾದರವೋ ಕಂಬಳಿಯೋ ಬೇಕೇ ಬೇಕು.

ಕೊನೆಗೆ ಮಗಳೇ ಎಳೆ ಸುಟ್ಟು ನೋಡಿ, ನೀಲಿ ಚೌಕುಳಿಯ ಎರಡನ್ನು ಆರಿಸಿದಳು. ತಾಯಿತಂದೆಯರು ತಾವೇ ಕೊಂಡು ಗಂಟುಕಟ್ಟಿ ಕಳುಹಿಸುವುದಕ್ಕಿಂತ ಮಕ್ಕಳನ್ನು ಜೊತೆಗೆ ಕರೆದೊಯ್ಯುವುದು ಲೇಸು. ಬಟ್ಟೆ ಎರಡು ಮೂರು ವರ್ಷಕ್ಕೆ ಸವೆಯುತ್ತದೆ. ಹೊಳಪಿಗೆ ಮರುಳಾಗದೆ ಗುಣವನ್ನು ಅಳೆಯುವ ಅಭ್ಯಾಸ ಬಾಳಿನುದ್ದಕ್ಕೂ ಬರುತ್ತದೆ.